ಬೇಗ ಒಣಗುವ ವೆಟ್‌ಸೂಟ್: ಸ್ಕೂಬಾ ಡೈವಿಂಗ್‌ಗೆ ಇಳಿಯುವವರು ತಿಳಿದಿರಬೇಕಾದದ್ದು

ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ, ಲಕ್ಷದ್ವೀಪದ ಕಡಮತ್ ಮತ್ತು ಬಂಗಾರಂ, ಯುಎಇಯ ಫುಜೈರಾ, ಒಮಾನಿನ ಮುಸಂದಮ್, ಸೌದಿಯ ಜಿದ್ದಾ. ಮಂಗಳೂರು, ಕಾಸರಗೋಡು ಕಡೆಯ ಯುವಕರು ಊರಿನಲ್ಲಿದ್ದರೂ ಗಲ್ಫ್‌ನಲ್ಲಿದ್ದರೂ ರಜೆ ಹಾಕಿ ಹೋಗಿ ಬರಬಹುದಾದ ಡೈವಿಂಗ್ ತಾಣಗಳಿವು. ಮೊದಲ ಕೆಲವು ಸಲ ಎಲ್ಲರೂ ಬಾಡಿಗೆ ಸೂಟ್‌ನಲ್ಲೇ ನೀರಿಗಿಳಿಯುತ್ತಾರೆ. ಹಿಂದಿನವರು ತೊಟ್ಟು ಬಿಚ್ಚಿದ, ಇನ್ನೂ ಒದ್ದೆಯಾಗಿರುವ, ವಾಸನೆ ಬರುವ ಸೂಟ್ ಹಾಕಿಕೊಂಡವರಿಗೆ ಸ್ವಂತದ್ದೊಂದು ಬೇಕು ಅನ್ನಿಸುವುದು ಸಹಜ. ಅಂಗಡಿಗೆ ಹೋದರೆ ಅಥವಾ ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವ ಮಾತು 'ಕ್ವಿಕ್ ಡ್ರೈ', ಅಂದರೆ ಬೇಗ ಒಣಗುತ್ತದೆ ಅಂತ.

ಈ ಮಾತನ್ನು ನಂಬಿ ದುಡ್ಡು ಹಾಕುವ ಮೊದಲು ಎರಡು ವಿಷಯ ತಿಳಿದಿರಬೇಕು. ಒಂದು, ಸೂಟ್ ಎಷ್ಟು ಬೇಗ ಒಣಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದಕ್ಕೆ ಅಂಟಿಸಿದ ಬಟ್ಟೆ ಮತ್ತು ಅದನ್ನು ಒಣಹಾಕುವ ರೀತಿ. ಎರಡು, ಬೇಗ ಒಣಗುವುದಕ್ಕಿಂತ ಮೊದಲು ಅದು ನೀರೊಳಗೆ ಮೈಯನ್ನು ಬೆಚ್ಚಗಿಡಬೇಕು. ಚಳಿ ಹಿಡಿದ ಡೈವರ್ ಬೇಗ ಸುಸ್ತಾಗುತ್ತಾನೆ, ಸಿಲಿಂಡರ್‌ನ ಗಾಳಿಯನ್ನು ಹೆಚ್ಚು ಖರ್ಚು ಮಾಡುತ್ತಾನೆ. ಬೆರಳು ಮರಗಟ್ಟಿ ಬಕಲ್, ವಾಲ್ವ್ ಹಿಡಿಯಲು ಕಷ್ಟವಾಗುತ್ತದೆ. ಮೇಲೆ ಬರುವ ಹೊತ್ತಿಗೆ ಮೈ ತಣ್ಣಗಾಗಿದ್ದರೆ ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವುದೂ ನಿಧಾನವಾಗುತ್ತದೆ. ಇದು ಡಿಕಂಪ್ರೆಷನ್ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲೊಂದು.

ವೆಟ್‌ಸೂಟ್ ಕೆಲಸ ಮಾಡುವುದು ಹೇಗೆ?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 28 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಸೆಕೆ ಆಗುತ್ತದೆ. ಅದೇ 28 ಡಿಗ್ರಿಯ ಕಡಲಿನಲ್ಲಿ ಮುಕ್ಕಾಲು ಗಂಟೆ ಬರೀ ಮೈಯಲ್ಲಿದ್ದರೆ ನಡುಕ ಶುರುವಾಗಬಹುದು. ನಮ್ಮದು ಬೆಚ್ಚಗಿನ ಸಮುದ್ರ, ಸೂಟ್ ಯಾಕೆ ಅನ್ನುವವರಿಗೆ ಇದೇ ಉತ್ತರ.

ವೆಟ್‌ಸೂಟ್‌ನ ಮುಖ್ಯ ವಸ್ತು ನಿಯೋಪ್ರೀನ್ ಎಂಬ ಕೃತಕ ರಬ್ಬರ್. ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ಇದು ತಯಾರಾದದ್ದು 1930ರಲ್ಲಿ. ಈ ರಬ್ಬರನ್ನು ನೊರೆಯಂತೆ ಉಬ್ಬಿಸಿ, ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಅನಿಲದ ಗುಳ್ಳೆಗಳು ಉಳಿಯುವಂತೆ ಹಾಳೆ ಮಾಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ, ನೌಕಾಪಡೆಯ ಡೈವರ್‌ಗಳಿಗಾಗಿ ಯೋಚಿಸುತ್ತಿದ್ದಾಗ ಒಂದು ಸರಳ ಸತ್ಯವನ್ನು ಗುರುತಿಸಿದರು: ಬೆಚ್ಚಗಿರಲು ಮೈ ಒಣಗಿರಲೇಬೇಕು ಅಂತೇನಿಲ್ಲ. ಶಾಖವನ್ನು ತಡೆಯುವ ಕೆಲಸ ಆ ಗುಳ್ಳೆಗಳದ್ದು. ಸೂಟ್ ಮತ್ತು ಚರ್ಮದ ನಡುವೆ ಸ್ವಲ್ಪ ನೀರು ಸೇರಿದರೂ ಅದು ಅಲ್ಲೇ ನಿಂತರೆ ಮೈಯ ಶಾಖಕ್ಕೆ ಬಿಸಿಯಾಗುತ್ತದೆ. ಆ ನೀರು ಹೊರಗೆ ಹೋಗಿ ಹೊಸ ತಣ್ಣೀರು ಒಳಗೆ ಬರುತ್ತಾ ಇದ್ದರೆ ಮಾತ್ರ ಸೂಟ್ ಇದ್ದೂ ಇಲ್ಲದಂತೆ.

ನೀರು ಉಳಿಯುವುದು ಎಲ್ಲಿ?

ನಿಯೋಪ್ರೀನ್‌ನ ಗುಳ್ಳೆಗಳು ಮುಚ್ಚಿದ ಗುಳ್ಳೆಗಳು. ಸ್ಪಂಜಿನಂತೆ ಅದು ನೀರು ಕುಡಿಯುವುದಿಲ್ಲ. ಹಾಗಾದರೆ ಬಿಚ್ಚಿದ ಸೂಟ್ ಅಷ್ಟು ಭಾರ ಯಾಕೆ? ರಬ್ಬರ್ ಹಾಳೆಯ ಒಳಗೂ ಹೊರಗೂ ಅಂಟಿಸಿದ ಬಟ್ಟೆ, ಹೊಲಿಗೆಯ ಸಂದುಗಳು, ಮಂಡಿಯ ಪ್ಯಾಡ್, ಜಿಪ್‌ನ ಹಿಂದಿನ ಪಟ್ಟಿ, ಕೊರಳಪಟ್ಟಿ – ನೀರು ನಿಲ್ಲುವುದು ಇಲ್ಲಿ.

ಇನ್ನೊಂದು ಮುಖ್ಯ ಸಂಗತಿ ಇದೆ. ಹತ್ತಿಯ ಅಂಗಿಯನ್ನು ಬಳ್ಳಿಗೆ ಹಾಕಿದರೆ ಎರಡೂ ಕಡೆಯಿಂದ ಆವಿ ಹೋಗುತ್ತದೆ. ವೆಟ್‌ಸೂಟ್ ಹಾಗಲ್ಲ. ನಡುವೆ ರಬ್ಬರ್ ಗೋಡೆಯಿದೆ. ಒಳಗಿನ ನೀರು ಒಳಗಿನಿಂದಲೇ ಒಣಗಬೇಕು, ಹೊರಗಿನದ್ದು ಹೊರಗಿನಿಂದ. ಹೊರಮೈ ಮುಟ್ಟಿ ಒಣಗಿದೆ ಅಂದುಕೊಂಡ ಸೂಟ್‌ನ ಒಳಗೆ ಮರುದಿನವೂ ತಣ್ಣನೆಯ ಪಸೆ ಇರುವುದು ಇದೇ ಕಾರಣಕ್ಕೆ.

ಒಳಪದರ: ಬೇಗ ಒಣಗುವುದನ್ನು ತೀರ್ಮಾನಿಸುವ ಬಟ್ಟೆ

ಯಾವ ನೂಲು ತೇವವನ್ನು ಎಷ್ಟು ಹಿಡಿದಿಡುತ್ತದೆ ಎಂಬುದಕ್ಕೆ ಜವಳಿ ಉದ್ಯಮದಲ್ಲಿ ಅಳತೆಯಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾ ತೇವ ಹಿಡಿಯುತ್ತದೆ. ನೈಲಾನ್ ಸುಮಾರು 4 ಶೇಕಡಾ, ಪಾಲಿಯೆಸ್ಟರ್ 0.4 ಶೇಕಡಾ. ಪಾಲಿಪ್ರೊಪಿಲೀನ್‌ನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಸೂಟ್‌ನ ಒಳಗಿನ ಲೇಬಲ್ ಓದುವುದು ಮೊದಲ ಕೆಲಸ.

• ಸಾದಾ ನೈಲಾನ್ ಜೆರ್ಸಿ: ಹೆಚ್ಚಿನ ಸೂಟ್‌ಗಳಲ್ಲಿ ಇರುವುದು ಇದೇ. ಗಟ್ಟಿ, ಬೆಲೆ ಕಡಿಮೆ. ಒಣಗುವುದು ಮಧ್ಯಮ ವೇಗದಲ್ಲಿ.
• ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಒಳಪದರ: ನೂಲು ನೀರು ಹೀರದ ಕಾರಣ ನೀರು ಇಳಿದು ಹೋಗುತ್ತದೆ. 'ಕ್ವಿಕ್ ಡ್ರೈ' ಎಂಬ ಮಾತಿಗೆ ನಿಜವಾದ ಅರ್ಥ ಸಿಗುವುದು ಇಲ್ಲಿ.
• ಮೆತ್ತನೆಯ, ರೋಮದಂತಿರುವ ಪ್ಲಶ್ ಪದರ: ಬೆಚ್ಚಗಿರುತ್ತದೆ, ತೊಡಲು ಸುಲಭ. ಆದರೆ ರೋಮಗಳ ನಡುವೆ ನೀರು ಹಿಡಿಯುತ್ತದೆ. ಪಾಲಿಯೆಸ್ಟರ್ ಪ್ಲಶ್ ಆದರೆ ಪರವಾಗಿಲ್ಲ. ಅದನ್ನೂ ಎದೆ, ಬೆನ್ನಿನ ಭಾಗಕ್ಕೆ ಮಾತ್ರ ಹಾಕಿದ ಸೂಟ್ ಒಳ್ಳೆಯದು.
• ಬಟ್ಟೆಯೇ ಇಲ್ಲದ ಓಪನ್ ಸೆಲ್ ಒಳಮೈ: ಉಸಿರು ಹಿಡಿದು ಮುಳುಗುವ ಫ್ರೀ ಡೈವರ್‌ಗಳು ಬಳಸುವುದು ಇದನ್ನು. ಬೇಗ ಒಣಗುತ್ತದೆ, ಮೈಗೆ ಅಂಟಿ ನಿಲ್ಲುತ್ತದೆ. ಆದರೆ ಸೋಪಿನ ನೀರು ಹಚ್ಚದೆ ತೊಡಲಾಗದು, ಉಗುರು ತಾಗಿದರೆ ಹರಿಯುತ್ತದೆ. ಹೊಸಬರಿಗೆ ಹೇಳಿದ್ದಲ್ಲ.

ಸೂಟ್ ಒಳಗೆ ಹತ್ತಿಯ ಬನಿಯನ್ ಅಥವಾ ಟೀ ಶರ್ಟ್ ಹಾಕುವ ಅಭ್ಯಾಸ ಹಲವರಿಗಿದೆ. ಅದು ನೀರು ಹೀರಿ, ಮಡಿಕೆ ಬಿದ್ದು, ಸೂಟ್ ಮೈಗೆ ಕೂರದಂತೆ ಮಾಡುತ್ತದೆ. ಒಳಗೆ ಏನಾದರೂ ಬೇಕೇ ಬೇಕು ಅಂದರೆ ಮೈಗಂಟುವ ರ‍್ಯಾಶ್‌ಗಾರ್ಡ್ ಸಾಕು.

ಹೊರಪದರ: ನುಣುಪೋ, ಬಟ್ಟೆಯೋ?

ಹೊರಗೆ ಬಟ್ಟೆಯಿಲ್ಲದ ನುಣುಪು ರಬ್ಬರ್ ಇದ್ದರೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ. ದೋಣಿಯಲ್ಲಿ ಗಾಳಿಗೆ ಕೂತರೂ ಚಳಿ ಕಡಿಮೆ. ಸರ್ಫಿಂಗ್ ಮಾಡುವವರಿಗೆ ಇದು ಬಹಳ ಇಷ್ಟ. ಸ್ಕೂಬಾದ ಕಥೆ ಬೇರೆ. ಬೆನ್ನಿಗೆ ಸಿಲಿಂಡರ್, ಹೆಗಲಿಗೆ ಜಾಕೆಟ್‌ನ ಪಟ್ಟಿ, ಸೊಂಟಕ್ಕೆ ಸೀಸದ ಬೆಲ್ಟ್ ಇರುತ್ತದೆ. ದೋಣಿಯ ಏಣಿ, ಬಂಡೆ, ಚಿಪ್ಪು ಎಲ್ಲವೂ ಉಜ್ಜುತ್ತವೆ. ನುಣುಪು ರಬ್ಬರ್ ಈ ತಿಕ್ಕಾಟಕ್ಕೆ ಬಾಳುವುದಿಲ್ಲ. ಹೆಗಲು, ಬೆನ್ನು, ಮಂಡಿ, ಮೊಣಕೈಗೆ ಗಟ್ಟಿ ನೈಲಾನ್ ಇರುವ ಸೂಟ್ ಸ್ಕೂಬಾಕ್ಕೆ ಸರಿ. ಒಣಗುವುದು ಒಂದೆರಡು ಗಂಟೆ ತಡವಾದರೂ ಚಿಂತೆಯಿಲ್ಲ.

ದೋಣಿಯ ಗಾಳಿ ಮತ್ತು ಎರಡನೇ ಡೈವ್

ಬೇಗ ಒಣಗುವ ಗುಣ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು ಡೈವ್‌ಗಳ ನಡುವೆ ಅಂತ ಅನೇಕರು ತಿಳಿದಿದ್ದಾರೆ. ಇಲ್ಲೊಂದು ಗುಟ್ಟಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಒದ್ದೆ ಸೂಟ್ ಹಾಕಿಕೊಂಡು ಓಡುವ ದೋಣಿಯಲ್ಲಿ ಕುಳಿತರೆ ಆ ಶಾಖದ ಒಂದು ಪಾಲು ಮೈಯಿಂದಲೇ ಹೋಗುತ್ತದೆ. ಅಂದರೆ ಮೈಮೇಲೆ ಇರುವಾಗ ಸೂಟ್ ಬೇಗ ಒಣಗುವುದು ಎಂದರೆ ಮೈ ಬೇಗ ತಣ್ಣಗಾಗುವುದು. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ತತ್ವದಿಂದ.

ನೇತ್ರಾಣಿ ಮುರುಡೇಶ್ವರ ಕರಾವಳಿಯಿಂದ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿದೆ. ವಾಪಸ್ ಬರುವ ದಾರಿಯುದ್ದಕ್ಕೂ ಗಾಳಿ ಇರುತ್ತದೆ. ಹಾಗಾಗಿ ಡೈವ್ ಮುಗಿದ ಕೂಡಲೇ ಸೂಟ್ ಬಿಚ್ಚಿ, ಮೈ ಒರೆಸಿ, ಒಣ ಅಂಗಿ ಹಾಕಬೇಕು. ಬಿಚ್ಚುವ ಅನುಕೂಲ ಇಲ್ಲದಿದ್ದರೆ ಗಾಳಿ ತೂರದ ಜಾಕೆಟ್ ಅಥವಾ ಮಳೆಗಾಲದ ರೈನ್‌ಕೋಟನ್ನೇ ಸೂಟ್ ಮೇಲೆ ಹಾಕಿಕೊಂಡರೂ ಆದೀತು. ಮೊದಲ ಡೈವ್‌ನಲ್ಲಿ ಕಳೆದುಕೊಂಡ ಶಾಖ ಪೂರ್ತಿ ವಾಪಸ್ ಬರದೆ ಎರಡನೆಯದಕ್ಕೆ ಇಳಿದರೆ ಚಳಿ ಇನ್ನೂ ಬೇಗ ಹಿಡಿಯುತ್ತದೆ.

ದಪ್ಪ ಎಷ್ಟಿರಬೇಕು?

ತೆಳುವಾದ ಸೂಟ್ ಬೇಗ ಒಣಗುತ್ತದೆ, ನಿಜ. ಅಷ್ಟಕ್ಕೇ ತೆಳುವಾದದ್ದನ್ನು ತೆಗೆದುಕೊಳ್ಳಬಾರದು. ದಪ್ಪವನ್ನು ತೀರ್ಮಾನಿಸಬೇಕಾದದ್ದು ನೀರಿನ ತಾಪಮಾನ. ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಹೀಗಿದೆ:

• 29 ಡಿಗ್ರಿಗಿಂತ ಹೆಚ್ಚು: ಲೈಕ್ರಾ ಸೂಟ್, ರ‍್ಯಾಶ್‌ಗಾರ್ಡ್ ಅಥವಾ 1ರಿಂದ 2 ಮಿಲಿಮೀಟರ್
• 26ರಿಂದ 29 ಡಿಗ್ರಿ: 2ರಿಂದ 3 ಮಿಲಿಮೀಟರ್ ಪೂರ್ಣ ಸೂಟ್
• 21ರಿಂದ 25 ಡಿಗ್ರಿ: 5 ಮಿಲಿಮೀಟರ್
• 16ರಿಂದ 20 ಡಿಗ್ರಿ: 7 ಮಿಲಿಮೀಟರ್, ತಲೆಗೆ ಹುಡ್ ಸಹಿತ
• ಅದಕ್ಕಿಂತ ತಣ್ಣಗೆ: ಸೆಮಿ ಡ್ರೈ ಅಥವಾ ಡ್ರೈಸೂಟ್

ಡೈವಿಂಗ್ ಋತುವಿನಲ್ಲಿ ನೇತ್ರಾಣಿ ಮತ್ತು ಲಕ್ಷದ್ವೀಪದ ನೀರಿಗೆ 3 ಮಿಲಿಮೀಟರ್ ಸಾಕಾಗುತ್ತದೆ. ಗಲ್ಫ್‌ನಲ್ಲಿ ಲೆಕ್ಕ ಬೇರೆ. ದುಬೈ ಕಡಲು ಬೇಸಿಗೆಯಲ್ಲಿ 32 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ 20-22ಕ್ಕೆ ಇಳಿಯುತ್ತದೆ. ಫುಜೈರಾ ಕಡೆ ಚಳಿಗಾಲಕ್ಕೆ 5 ಮಿಲಿಮೀಟರ್ ಬೇಕು. ಬೇಸಿಗೆಯಲ್ಲೂ ಅಲ್ಲಿ ಮೇಲಿನ ನೀರು ಬಿಸಿಯಿದ್ದು ಕೆಳಗೆ ಒಮ್ಮೆಲೇ ತಣ್ಣನೆಯ ಪದರ ಸಿಗುವುದುಂಟು. 2021ರಲ್ಲಿ ತೆರೆದ, 60 ಮೀಟರ್ ಆಳದ ಡೀಪ್ ಡೈವ್ ದುಬೈ ಕೊಳದಲ್ಲಿ ನೀರನ್ನು 30 ಡಿಗ್ರಿಯಲ್ಲೇ ಇಡುತ್ತಾರೆ. ಅಲ್ಲಿ ತೆಳು ಸೂಟ್ ಧಾರಾಳ. ತೆಳ್ಳಗಿನ ಮೈಯವರಿಗೆ, ಬೇಗ ಚಳಿ ಹಿಡಿಯುವವರಿಗೆ, ದಿನಕ್ಕೆ ಮೂರು ಡೈವ್ ಮಾಡುವವರಿಗೆ ಪಟ್ಟಿಯಲ್ಲಿರುವುದಕ್ಕಿಂತ ಒಂದು ಮೆಟ್ಟಿಲು ದಪ್ಪ ಇರಲಿ.

ಬೆಚ್ಚಗಿನ ನೀರಿನಲ್ಲೂ ಪೂರ್ಣ ತೋಳು, ಪೂರ್ಣ ಕಾಲಿನ ಸೂಟ್‌ಗೆ ಬೆಲೆಯಿದೆ. ಜೆಲ್ಲಿಮೀನಿನ ಉರಿ, ಹವಳದ ಗೀರು, ದೋಣಿಯಲ್ಲಿ ಬಿಸಿಲಿನ ಸುಡುವಿಕೆ ಎಲ್ಲದರಿಂದ ಅದು ಕಾಪಾಡುತ್ತದೆ. ಎಣ್ಣೆ ಸಿಗುವ ಮೊದಲು ಗಲ್ಫ್‌ನ ಸಮುದ್ರದಲ್ಲಿ ಮುತ್ತು ತೆಗೆಯುತ್ತಿದ್ದ ಮುಳುಗುಗಾರರೂ ಜೆಲ್ಲಿಮೀನಿನ ಕಾಲದಲ್ಲಿ ತೆಳು ಹತ್ತಿಯ ಉಡುಪಿನಿಂದ ಮೈ ಮುಚ್ಚಿಕೊಳ್ಳುತ್ತಿದ್ದರು.

ಅಳತೆ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ

ಅಗ್ಗದ ಸೂಟ್ ಮೈಗೆ ಸರಿಯಾಗಿ ಕೂತರೆ, ಸಡಿಲವಾದ ದುಬಾರಿ ಸೂಟ್‌ಗಿಂತ ಬೆಚ್ಚಗಿರುತ್ತದೆ. ತೊಟ್ಟು ನೋಡುವಾಗ ಬೆನ್ನಿನ ಕೆಳಭಾಗ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ಇವುಗಳಲ್ಲಿ ಟೊಳ್ಳು ಇರಬಾರದು. ಕೈ ಮೇಲೆತ್ತಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಎದೆ ತುಂಬ ಉಸಿರೆಳೆದು ನೋಡಬೇಕು. ಮಣಿಕಟ್ಟು, ಪಾದದ ಗಂಟು, ಕೊರಳು ಈ ಮೂರು ಕಡೆ ಮುಚ್ಚಿ ನಿಂತರೆ ನೀರು ಒಳಗೆ ಓಡಾಡುವುದಿಲ್ಲ.

ಕೊರಳಪಟ್ಟಿ ಅತಿ ಬಿಗಿ ಇದ್ದರೆ ಅದೂ ಅಪಾಯ. ಕತ್ತಿನ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು, ಎಚ್ಚರ ತಪ್ಪಲೂಬಹುದು. ಅಂಗಡಿಯಲ್ಲಿ ಹತ್ತು ನಿಮಿಷ ಹಾಕಿಕೊಂಡು ನಿಂತಾಗ ಕೊರಳಲ್ಲಿ ಕಿರಿಕಿರಿಯಾದರೆ ಆ ಸೂಟ್ ಬೇಡ. ಆನ್‌ಲೈನ್‌ನಲ್ಲಿ ತರಿಸುವವರು ಎತ್ತರ, ತೂಕ, ಎದೆ, ಸೊಂಟ ನಾಲ್ಕನ್ನೂ ಅಳೆದು ಆ ಕಂಪೆನಿಯ ಪಟ್ಟಿಗೆ ಹೋಲಿಸಬೇಕು. ಒಂದು ಕಂಪೆನಿಯ 'ಲಾರ್ಜ್' ಇನ್ನೊಂದರಲ್ಲಿ 'ಮೀಡಿಯಂ' ಆಗಿರುತ್ತದೆ. ವಾಪಸ್ ಕೊಡುವ ಅವಕಾಶ ಇರುವ ಕಡೆಯೇ ಕೊಳ್ಳುವುದು ಜಾಣತನ.

ಮಹಿಳೆಯರಿಗೆ ಮಹಿಳೆಯರ ಅಳತೆಯ ಸೂಟ್ ಪ್ರತ್ಯೇಕವಾಗಿಯೇ ಸಿಗುತ್ತದೆ. ಗಂಡಸರ ಸಣ್ಣ ಸೈಜ್ ತೆಗೆದುಕೊಂಡರೆ ಸೊಂಟ, ಎದೆಯ ಬಳಿ ಟೊಳ್ಳು ಉಳಿಯುತ್ತದೆ. ತಲೆ ಮುಚ್ಚಬೇಕು ಅನ್ನುವವರಿಗೆ ಡೈವಿಂಗ್ ಹುಡ್ ಇದೆ. ಸ್ಕಾರ್ಫ್ ಅಥವಾ ಶಾಲಿನ ತುದಿ ರೆಗ್ಯುಲೇಟರ್‌ಗೆ, ಮಾಸ್ಕ್‌ನ ಅಂಚಿಗೆ ಸಿಕ್ಕಿಕೊಳ್ಳುವ ಭಯ ಅದರಲ್ಲಿಲ್ಲ. ಹುಡ್‌ನ ಅಂಚು ಮಾಸ್ಕ್‌ನ ರಬ್ಬರ್ ಅಡಿಗೆ ಹೋಗಬಾರದು, ಹೋದರೆ ನೀರು ನುಗ್ಗುತ್ತದೆ. ಸೂಟ್ ಮೇಲೆ ಇನ್ನೊಂದು ಉಡುಪು ಹಾಕುವುದಿದ್ದರೆ ಅದು ಲೈಕ್ರಾದ್ದಾಗಿರಲಿ, ಮೈಗೆ ಹತ್ತಿರವಿರಲಿ. ಗಾಳಿಪಟದಂತೆ ತೇಲುವ ಸಡಿಲ ಬಟ್ಟೆ ಈಜಲು ಅಡ್ಡಿ, ಸಲಕರಣೆಗೂ ಅಡ್ಡಿ. ಬೋಧಕರಿಗೆ ಮೊದಲೇ ಹೇಳಿದರೆ ಸರಿಯಾದ ಏರ್ಪಾಡು ಮಾಡಿಕೊಳ್ಳಬಹುದು.

ಹೊಲಿಗೆ ಮತ್ತು ಜಿಪ್

ಫ್ಲಾಟ್‌ಲಾಕ್ ಹೊಲಿಗೆಯಲ್ಲಿ ಸೂಜಿ ರಬ್ಬರಿನ ಆಚೆಗೂ ತೂರುತ್ತದೆ. ಆ ತೂತುಗಳಲ್ಲಿ ಸ್ವಲ್ಪ ನೀರು ಬರುತ್ತದೆ. ಬೆಚ್ಚಗಿನ ನೀರಿಗೆ ಇದು ಸಾಕು. ಅಂಟು ಹಾಕಿ, ಸೂಜಿ ಆಚೆ ತೂರದಂತೆ ಹೊಲಿಯುವ ಬ್ಲೈಂಡ್ ಸ್ಟಿಚ್ ತಣ್ಣೀರಿಗೆ ಬೇಕು. ಒಳಗಿನಿಂದ ಟೇಪ್ ಹಾಕಿದ ಹೊಲಿಗೆ ಇನ್ನೂ ಬಂದೋಬಸ್ತು. ಜಿಪ್‌ನ ಹಿಂದೆ ನೀರು ತಡೆಯುವ ಅಗಲ ಪಟ್ಟಿ ಇದೆಯಾ ಅಂತ ನೋಡಬೇಕು. ಬೆನ್ನ ಮೇಲಿನ ಜಿಪ್‌ಗೆ ಉದ್ದದ ದಾರ ಇರುತ್ತದೆ, ತೊಡಲು ಬಿಚ್ಚಲು ಸುಲಭ. ಒಣಗಿಸುವಾಗ ಅಗಲವಾಗಿ ತೆರೆದುಕೊಂಡು ಒಳಗೆ ಗಾಳಿ ಹೋಗುವುದಕ್ಕೂ ಇದೇ ಅನುಕೂಲ.

ನಿಯೋಪ್ರೀನ್ ಇಲ್ಲದ ಸೂಟ್‌ಗಳು

ನಿಜವಾಗಿಯೂ ಬೇಗ ಒಣಗಬೇಕು ಅನ್ನುವವರಿಗೆ ಇನ್ನೊಂದು ಜಾತಿಯ ಸೂಟ್ ಇದೆ. ಲಾವಾಕೋರ್, ಶಾರ್ಕ್‌ಸ್ಕಿನ್, ಫೋರ್ತ್ ಎಲಿಮೆಂಟ್‌ನ ಥರ್ಮೋಕ್ಲೈನ್ ಈ ಬಗೆಯವು. ಹೊರಗೆ ಹಿಗ್ಗುವ ಬಟ್ಟೆ, ನಡುವೆ ಗಾಳಿ ತಡೆಯುವ ತೆಳು ಪೊರೆ, ಒಳಗೆ ಫ್ಲೀಸ್. ಇವು ಹಗುರ, ಮಡಚಿದರೆ ಸಣ್ಣ ಗಂಟು. ಗುಳ್ಳೆಗಳಿಲ್ಲದ ಕಾರಣ ತೇಲಿಸುವುದಿಲ್ಲ, ಹಾಗಾಗಿ ಹೆಚ್ಚು ಸೀಸವೂ ಬೇಡ. ಬೆಚ್ಚಗಿನ ನೀರಿಗೆ ಇದೊಂದೇ ಸಾಕು. ತಣ್ಣೀರಿಗೆ ವೆಟ್‌ಸೂಟ್ ಒಳಗೆ ಹಾಕಬಹುದು. ಬೆಲೆ ಮಾತ್ರ ಸಾಮಾನ್ಯ 3 ಮಿಲಿಮೀಟರ್ ಸೂಟ್‌ಗಿಂತ ಕಡಿಮೆ ಇರುವುದಿಲ್ಲ. ಗಲ್ಫ್‌ನಿಂದ ಊರಿಗೆ ಬರುವಾಗ ಲಗೇಜನ್ನು ಕಿಲೋ ಲೆಕ್ಕದಲ್ಲಿ ತೂಗಿ ಕಟ್ಟುವವರಿಗೆ ಇದರ ಲಾಭ ಬೇಗ ಅರ್ಥವಾಗುತ್ತದೆ. ಒದ್ದೆ ನಿಯೋಪ್ರೀನ್ ಸೂಟ್ ಬ್ಯಾಗಿನಲ್ಲಿ ಹಾಕಿದರೆ ನೀರಿನ ತೂಕಕ್ಕೂ ದುಡ್ಡು ಕೊಟ್ಟಂತೆ.

ನಿಯೋಪ್ರೀನ್ ತಯಾರಿಕೆಯಲ್ಲಿ ಬಳಸುವ ಥಯೋಯೂರಿಯಾ ಜಾತಿಯ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಕೆಂಪು ಗುಳ್ಳೆ ಬರುತ್ತದೆ. ಅಂಥವರಿಗೂ ಈ ಸೂಟ್‌ಗಳು ದಾರಿ. ಆದರೂ ಮೊದಲು ಚರ್ಮದ ಡಾಕ್ಟರಿಗೆ ತೋರಿಸಬೇಕು.

ಸೂಟ್ ಬದಲಾದರೆ ತೂಕವೂ ಬದಲು

ಹೊಸ ಸೂಟ್ ಕೊಂಡವರು ಮರೆಯುವ ವಿಷಯ ಇದು. ನಿಯೋಪ್ರೀನ್ ತೇಲುತ್ತದೆ, ದಪ್ಪ ಹೆಚ್ಚಿದಷ್ಟು ಹೆಚ್ಚು ತೇಲುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗಿ ಗುಳ್ಳೆಗಳು ಕುಗ್ಗುತ್ತವೆ. ಸೂಟ್ ತೆಳುವಾಗುತ್ತದೆ, ತೇಲಿಸುವ ಬಲವೂ ಶಾಖ ತಡೆಯುವ ಬಲವೂ ಕಡಿಮೆಯಾಗುತ್ತದೆ. ಮೇಲೆ ಬರುವಾಗ ಅದೇ ಗುಳ್ಳೆಗಳು ಹಿಗ್ಗಿ ಡೈವರನ್ನು ಮೇಲಕ್ಕೆ ಎಳೆಯುತ್ತವೆ. ಸೀಸ ಕಡಿಮೆಯಿದ್ದರೆ 5 ಮೀಟರ್‌ನಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್ ಮಾಡಲು ನಿಲ್ಲಲಾಗುವುದಿಲ್ಲ. ಹೆಚ್ಚಾದರೆ ಕೆಳಗೆ ಮುಳುಗುತ್ತಲೇ ಹೋಗುವ ಅಪಾಯ.

ಆದ್ದರಿಂದ 3 ಮಿಲಿಮೀಟರ್‌ನಿಂದ 5ಕ್ಕೆ ಹೋದಾಗ, ನಿಯೋಪ್ರೀನ್‌ನಿಂದ ಬಟ್ಟೆ ಸೂಟ್‌ಗೆ ಹೋದಾಗ, ಹೊಸ ಸೂಟ್‌ನಲ್ಲಿ ಮೊದಲ ಸಲ ಇಳಿಯುವಾಗ ಬೋಧಕರ ಎದುರೇ ತೂಕದ ಪರೀಕ್ಷೆ ಮಾಡಬೇಕು. ಸಿಲಿಂಡರ್ ಬಹುತೇಕ ಖಾಲಿಯಿದ್ದು, ಸಹಜ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬಂದು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿದರೆ ತೂಕ ಸರಿ. ಇನ್ನೊಂದು ಮಾತು: ಸೂಟ್ ತೇಲಿಸುತ್ತದೆ ಅಂತ ಅದನ್ನು ಲೈಫ್ ಜಾಕೆಟ್ ಅಂದುಕೊಳ್ಳಬಾರದು. ಎಚ್ಚರ ತಪ್ಪಿದವರ ಮುಖವನ್ನು ಅದು ನೀರಿನ ಮೇಲೆ ಹಿಡಿದಿಡುವುದಿಲ್ಲ.

ಒಣಗಿಸುವ ಸರಿಯಾದ ಕ್ರಮ

ಒಣಗಿಸಲು ತಿಳಿದವರ ಸಾದಾ ಸೂಟ್, ತಿಳಿಯದವರ 'ಕ್ವಿಕ್ ಡ್ರೈ' ಸೂಟ್‌ಗಿಂತ ಬೇಗ ಒಣಗುತ್ತದೆ.

1. ಮೊದಲು ಸಿಹಿನೀರು. ಬಕೆಟ್ ಅಥವಾ ಟಬ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿ, ಒಳಗೂ ಹೊರಗೂ ಜಾಲಿಸಬೇಕು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುವುದನ್ನು ನೋಡದವರು ಕರಾವಳಿಯಲ್ಲಿ ಯಾರಿದ್ದಾರೆ? ಬಟ್ಟೆಯಲ್ಲಿ ಉಳಿದ ಸಮುದ್ರದ ಉಪ್ಪು ಹಾಗೆಯೇ ಗಾಳಿಯ ತೇವವನ್ನು ಎಳೆಯುತ್ತದೆ. ಉಪ್ಪು ಹೋಗದ ಸೂಟ್ ಪೂರ್ತಿ ಒಣಗುವುದೇ ಇಲ್ಲ. ಸುಡುವ ಬಿಸಿನೀರು, ಬ್ಲೀಚ್, ಬಟ್ಟೆ ಪುಡಿ ಬೇಡ.
2. ಒಳಮೈ ಹೊರಗೆ ಮಾಡಿ ಮೊದಲು ಒಣಹಾಕಬೇಕು. ಮೈಗೆ ತಾಗುವ ಭಾಗ ಮೊದಲು ಒಣಗಲಿ. ಮರುದಿನ ಹೊರಮೈ ಪೂರ್ತಿ ಒಣಗದಿದ್ದರೂ ತೊಡಲು ತೊಂದರೆಯಿಲ್ಲ.
3. ಹಿಂಡಬಾರದು. ಹಿಂಡಿದರೆ ಹೊಲಿಗೆಯ ಅಂಟು ಬಿಡುತ್ತದೆ. ಟವೆಲ್ ಮೇಲೆ ಹಾಸಿ, ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಟವೆಲ್‌ಗೆ ಹೋಗುತ್ತದೆ.
4. ತೆಳು ತಂತಿಯ ಹ್ಯಾಂಗರ್, ಹಗ್ಗ ಬೇಡ. ದಪ್ಪ ಪಿವಿಸಿ ಪೈಪ್ ಅಥವಾ ಬಿದಿರಿನ ಮೇಲೆ ಸೊಂಟದ ಬಳಿ ಮಡಚಿ ಹಾಕಬೇಕು. ಒದ್ದೆ ಸೂಟನ್ನು ಹೆಗಲಿಗೆ ನೇತುಹಾಕಿದರೆ ಆ ಭಾರಕ್ಕೆ ಹೆಗಲು ಹಿಗ್ಗುತ್ತದೆ. ನೀರೆಲ್ಲ ಇಳಿದ ಮೇಲೆ ಅಗಲದ ಹ್ಯಾಂಗರ್‌ಗೆ ಹಾಕಬಹುದು.
5. ನೆರಳು ಮತ್ತು ಗಾಳಿ. ಬಿಸಿಲಿನ ಅತಿನೇರಳೆ ಕಿರಣ ರಬ್ಬರನ್ನು ಒಣಕಲು ಮಾಡಿ ಬಿರುಕು ಬಿಡಿಸುತ್ತದೆ. ಡ್ರೈಯರ್, ಇಸ್ತ್ರಿ, ಒಲೆಯ ಮೇಲಿನ ಅಟ್ಟ, ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಯಾವುದೂ ಬೇಡ. ಕುತ್ತಿಗೆಯ ಕಡೆಯಿಂದ ಒಳಗೆ ಗಾಳಿ ಹೋಗುವಂತೆ ಟೇಬಲ್ ಫ್ಯಾನ್ ಇಟ್ಟರೆ ಎಲ್ಲಕ್ಕಿಂತ ಬೇಗ ಒಣಗುತ್ತದೆ.
6. ಗಲ್ಫ್‌ನ ರೂಮುಗಳಲ್ಲಿರುವವರಿಗೆ ಬಾಲ್ಕನಿಗಿಂತ ಎಸಿ ಕೋಣೆ ಒಳ್ಳೆಯದು. ಬೇಸಿಗೆಯಲ್ಲಿ ಕರಾವಳಿ ನಗರಗಳ ಹೊರಗಾಳಿ ತೇವದಿಂದ ತುಂಬಿರುತ್ತದೆ, ಎಸಿ ಆ ತೇವವನ್ನು ತೆಗೆಯುತ್ತದೆ.

ಪೂರ್ತಿ ಒಣಗದೆ ಕಪಾಟಿಗೆ ಹೋದ ಸೂಟ್‌ಗೆ ಊರಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಖಚಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಲ್ಲಿ ಡೈವಿಂಗ್ ನಿಂತಿರುತ್ತದೆ. ಮೇ ತಿಂಗಳ ಕೊನೆಯ ಡೈವ್ ಆದ ಮೇಲೆ ಎರಡು ದಿನ ಫ್ಯಾನ್ ಅಡಿ ಒಣಗಿಸಿ, ಜಿಪ್‌ಗೆ ಸ್ವಲ್ಪ ಮೇಣ ಉಜ್ಜಿ, ಅಗಲದ ಹ್ಯಾಂಗರ್‌ನಲ್ಲಿ ನೇತುಹಾಕಿಟ್ಟು, ತಿಂಗಳಿಗೊಮ್ಮೆ ಗಾಳಿಗೆ ಹಿಡಿಯಬೇಕು. ಮಡಚಿ ಭಾರದ ಅಡಿ ಇಟ್ಟರೆ ಮಡಿಕೆಯ ಜಾಗದ ಗುಳ್ಳೆಗಳು ಒಡೆದು ಅಲ್ಲಿ ಚಳಿ ತೂರುತ್ತದೆ.

ಕೊಳ್ಳಬೇಕೋ, ಬಾಡಿಗೆ ಸಾಕೋ?

ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿ, ಬೋಧಕರ ಕೈ ಹಿಡಿದು 12 ಮೀಟರ್ ಒಳಗೆ ಒಂದು ಡೈವ್ ಮಾಡಿ ಬರುವವರಿಗೆ ಬಾಡಿಗೆ ಸಾಕು. ಬಾಡಿಗೆ ಸೂಟ್ ತೆಗೆದುಕೊಳ್ಳುವಾಗ ಒಳಗೆ ಕೈ ಹಾಕಿ ನೋಡಬೇಕು. ಒಣಗಿದ್ದು, ವಾಸನೆಯಿಲ್ಲದ್ದು, ಮಂಡಿ ಹೊಲಿಗೆ ಬಿಡದ್ದು ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ತರಬೇತಿ ಪಡೆದು ಸರ್ಟಿಫಿಕೇಟ್ ಮಾಡಿಕೊಂಡು, ವರ್ಷಕ್ಕೆ ಏಳೆಂಟು ಡೈವ್ ಆಗುವವರು ಸ್ವಂತದ್ದು ಕೊಂಡರೆ ಹಣ ವ್ಯರ್ಥವಲ್ಲ.

ಕೊಳ್ಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಕ್ರಮ ಇಷ್ಟೇ. ಯಾವ ನೀರಿಗೆ, ಎಷ್ಟು ದಪ್ಪ? ಮೈಗೆ ಸರಿಯಾಗಿ ಕೂರುತ್ತದಾ? ಹೊಲಿಗೆ, ಜಿಪ್ ಗಟ್ಟಿಯಿದೆಯಾ? ಒಳಪದರ ಯಾವ ನೂಲು? 'ಬೇಗ ಒಣಗುತ್ತದಾ' ಎಂಬ ಪ್ರಶ್ನೆ ಕೊನೆಯದು. ಅದರ ಅರ್ಧ ಉತ್ತರ ಲೇಬಲ್‌ನಲ್ಲಿದೆ, ಇನ್ನರ್ಧ ಡೈವ್ ಮುಗಿಸಿ ಮನೆಗೆ ಬಂದ ಸಂಜೆ ಒಂದು ಬಕೆಟ್ ಸಿಹಿನೀರು ಮತ್ತು ಒಂದು ಟೇಬಲ್ ಫ್ಯಾನ್‌ನಲ್ಲಿದೆ.